ಮೆತ್ತನೆಯ ಬಿಳಿ ಸೀರೆ

ದುರುಗಮ್ಮಜ್ಜಿ ಒಮ್ಮೆ ಒಲ್ಲೆ ಅಂದರೆ ಮುಗಿಯಿತು. ಗ್ಯಾಸಿನ ಮೇಲೆ ಸುಟ್ಟ ರೊಟ್ಟಿ ಒಲ್ಲೆ ಅಂದಳು, ಮನೆಯವರು ಹಿತ್ತಲಲ್ಲಿ ಕಟ್ಟಿಗೆ ಒಲೆ ಉಳಿಸಿಕೊಂಡರು. ಫ್ಯಾನಿನ ಗಾಳಿ ಒಲ್ಲೆ ಅಂದಳು, ಕೊಟ್ಟೂರಿನ ಏಪ್ರಿಲ್ ಬಿಸಿಲಿನಲ್ಲೂ ಪಡಸಾಲೆಯ ಫ್ಯಾನು ತಿರುಗಲಿಲ್ಲ. ಅಂಥ ಅಜ್ಜಿ ಈಗ ಸ್ವಂತ ಮೊಮ್ಮಗಳ ಮದುವೆಗೇ ಬರಲೊಲ್ಲೆ ಅಂದು ಕೂತಿದ್ದಳು. ಹುಡುಗ ಬೇಡವಾಗಿದ್ದನೆಂದಲ್ಲ. ಹಂಪಸಾಗರದ ತಿಪ್ಪೇಶ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಬಂದಾಗಲೆಲ್ಲ ಅಜ್ಜಿಗೆಂದೇ ಚೆನ್ನಾಗಿ ಕಳಿತ ಬಾಳೆಹಣ್ಣು ತರುತ್ತಿದ್ದ, ಅವನೆಂದರೆ ಅವಳಿಗೆ ಪ್ರಾಣ. ಬೇಡವಾಗಿದ್ದು ಸೀರೆಯ ಬಣ್ಣ.

"ಬುದ್ಧನ ಪದ್ಧತಿಯಾಗ ಮದುವಿ ಅಂದ್ರಿ, ಆತು ಅಂದೆ. ಭಟ್ಟರು ಬ್ಯಾಡ ಅಂದ್ರಿ, ನಮ್ಮ ಮದುವಿಗೆ ಅವರು ಎಂದು ಬಂದಿದ್ರು, ಬ್ಯಾಡ ಬಿಡ್ರಿ ಅಂದೆ. ಮದುಮಗಳು ಬಿಳಿ ಸೀರಿ ಉಡ್ತಾಳ ಅಂದ್ರ ಮಾತ್ರ ನಾ ಒಲ್ಲೆ. ಅದನ್ನ ನೋಡಾಕ ನಾ ಬರಂಗಿಲ್ಲ. ನನ್ನ ಬಿಟ್ಟು ಮಾಡ್ಕೊರ್ರಿ."

ಅಜ್ಜಿಯನ್ನು ಬಿಟ್ಟು ಮಾಡುವುದು ಹೇಗೆ? ತಾಯಿ ಬೇಗ ತೀರಿಕೊಂಡ ಮೇಲೆ ಕ್ರಾಂತಿ, ಕೋಮಲಾ ಅಣ್ಣ ತಂಗಿ ಇಬ್ಬರನ್ನೂ ಬೈದು, ಬಡಿದು, ಮುದ್ದಿಸಿ ಬೆಳೆಸಿದವಳು ಅವಳೇ. ಕೋಮಲಾ ಹಗರಿಬೊಮ್ಮನಹಳ್ಳಿಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದರೆ, ಅದರ ಹಿಂದೆಯೂ ಅಜ್ಜಿ ಕಂಡವರ ಹೊಲದಲ್ಲಿ ಕಳೆ ಕಿತ್ತ ಕೈಗಳಿದ್ದವು. ಆದರೆ ಬಿಳಿಯ ಮದುವೆಯೂ ಕೋಮಲಾಗೆ ಆಟದ ಮಾತಾಗಿರಲಿಲ್ಲ. ತಾನೂ ತಿಪ್ಪೇಶನೂ ಓದಿ, ಕೂತು ಮಾತಾಡಿ, ಮನಸಾರೆ ಒಪ್ಪಿಕೊಂಡ ಪದ್ಧತಿ ಅದು. ಇಬ್ಬರು ಹಟಮಾರಿಗಳ ನಡುವೆ ಸಿಕ್ಕ ಅಪ್ಪ ಭೀಮರಾಜ ಬೀಡಿ ಬಿಟ್ಟು ಹತ್ತು ವರ್ಷವಾಗಿದ್ದರೂ ಆ ವಾರ ಎರಡು ಸಲ ಬೀಡಿ ಅಂಗಡಿಯ ತನಕ ಹೋಗಿ ಬಂದ.

"ಅಜ್ಜಿನ ಕರಕೊಂಡು ಬರೋದು ನನಗ ಬಿಡು," ಎಂದು ಕ್ರಾಂತಿ ತಂಗಿಗೆ ಮಾತು ಕೊಟ್ಟುಬಿಟ್ಟ. ಹೇಗೆ ಅನ್ನುವುದನ್ನು ಆಮೇಲೆ ಯೋಚಿಸಿದರಾಯಿತು ಅನ್ನುವ ಸ್ವಭಾವ ಅವನದು.

ದಾರಿ ತೋರಿಸಿದವಳು ಅಜ್ಜಿಯೇ. ಒಂದು ಸಂಜೆ ಹುಣಸೆಹಣ್ಣು ಬಿಡಿಸುತ್ತ ತನ್ನಷ್ಟಕ್ಕೆ ಗೊಣಗಿದಳು: "ಹೊಸಾ ಬಿಳಿ ಸೀರಿ ಮೈಗೆ ತಾಕಿದ್ರ ಗೊತ್ತಾಗ್ತೈತಿ ಇವಕ್ಕ. ನನಗ ಉಡಿಸಿದ್ರಲ್ಲ ನಿಮ್ಮ ತಾತ ಹೋದಾಗ, ಗಂಜಿ ಹಾಕಿ ತಗಡು ಮಾಡಿದ್ದು. ಕೊಳ್ಳಾಗ ಗೀರಿದ್ದು ವಾರಗಟ್ಲೆ ಉರೀತಿತ್ತು."

ಅಲ್ಲಿಗೆ ಕ್ರಾಂತಿಯ ತಲೆಯಲ್ಲಿ ದೀಪ ಹತ್ತಿತು. ಅಜ್ಜಿಯ ಸಿಟ್ಟು ಬಣ್ಣದ ಮೇಲಲ್ಲ, ಗಂಜಿಯ ಮೇಲೆ! ಬಿಳಿ ಸೀರೆ ಬೆಣ್ಣೆಯಂತೆ ಮೆತ್ತಗಿದ್ದರೆ ಅವಳ ಕೈಯೇ ಅವಳ ಮನಸ್ಸಿಗೆ ಬುದ್ಧಿ ಹೇಳುತ್ತದೆ. ಅವನ ಲೆಕ್ಕ ಪೂರ್ತಿ ಸರಿಯಿರಲಿಲ್ಲ, ಪೂರ್ತಿ ತಪ್ಪೂ ಆಗಿರಲಿಲ್ಲ. ಮುಖ್ಯವಾಗಿ, ಬಟ್ಟೆಯನ್ನು ಮೆತ್ತಗೆ ಮಾಡುವುದೊಂದೇ ಅವನಿಗೆ ಬರುತ್ತಿದ್ದ ವಿದ್ಯೆ.

ಹರಪನಹಳ್ಳಿಯ ಹೊರಗೆ ಮರುಳಪ್ಪನವರ ಫಿನಿಶಿಂಗ್ ಯೂನಿಟ್ಟಿನಲ್ಲಿ ಕ್ರಾಂತಿ ಮಷಿನ್ ನೋಡಿಕೊಳ್ಳುತ್ತಿದ್ದ. ಬಣ್ಣ ಹಾಕಿದ ಬಟ್ಟೆ ಅಲ್ಲಿಗೆ ಬರುವಾಗ ಒಣ ಚಕ್ಕಳದಂತೆ ಇರುತ್ತದೆ. ಹಾಲಿನಂಥ ನೀರು ತುಂಬಿದ ತೊಟ್ಟಿಯಲ್ಲಿ ಅದನ್ನು ಮುಳುಗಿಸಿ, ರಬ್ಬರ್ ರೋಲರುಗಳ ನಡುವೆ ಹಿಂಡಿ, ಸ್ಟೆಂಟರ್ ಎಂಬ ಉದ್ದನೆಯ ಬಿಸಿ ಗೂಡಿನೊಳಗೆ ಎರಡೂ ಅಂಚು ಹಿಡಿದು ಓಡಿಸಿದರೆ ಆ ತುದಿಯಲ್ಲಿ ನಯವಾಗಿ, ಜಾರುವಂತಾಗಿ ಹೊರಗೆ ಬರುತ್ತದೆ. ಆ ಹಾಲಿನಂಥ ನೀರಿನಲ್ಲಿರುವುದು ಸಿಲಿಕೋನ್ ಎಣ್ಣೆ. ಅಜ್ಜಿಗೆ ಈ ಕೆಲಸದ ಬಗ್ಗೆ ದೊಡ್ಡ ಗೌರವವೇನಿರಲಿಲ್ಲ. "ನಮಗ ಒಗ್ಗರಣಿಗೆ ಎಣ್ಣಿ ಸಾಲವಲ್ದು, ಇವ ಬಟ್ಟಿಗೆ ಎಣ್ಣಿ ಹಾಕ್ತಾನಂತ, ಅದಕ್ಕ ಪಗಾರ ಬ್ಯಾರೆ ಕೊಡ್ತಾರಂತ," ಎಂದು ಓಣಿಯಲ್ಲಿ ಹೇಳಿಕೊಂಡು ನಗುತ್ತಿದ್ದಳು.

ಮದುವೆ ಭಾನುವಾರ. ಬುಧವಾರ ಕ್ರಾಂತಿ ನೀಲಿ ಅಂಚಿನ ಬಿಳಿ ಹತ್ತಿ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋದ. ಮರುಳಪ್ಪನವರು ಕನ್ನಡಕ ಮೇಲೇರಿಸಿ ಸೀರೆ ಮುಟ್ಟಿ ನೋಡಿದರು. "ತಂಗಿ ಮದುವಿಗಾ? ಹಾಕಪ್ಪ, ಚಲೋತ್ನಂಗ ಹಾಕು. ನಮ್ಮ ಕಡೆಯಿಂದ ಇದ ಆಯೇರಿ ಅಂತ ತಿಳ್ಕೋ," ಅಂದು ಆಫೀಸಿಗೆ ಹೋದರು. ಯಜಮಾನರೇ ಹಾಕು ಅಂದ ಮೇಲೆ ಕೈ ಬಿಗಿ ಹಿಡಿಯುವವರು ಯಾರು? ದಿನಾ ಹಾಕುವುದಕ್ಕಿಂತ ದುಪ್ಪಟ್ಟು ಎಣ್ಣೆ ಸುರಿದ. ಎಣ್ಣೆ ಚೆನ್ನಾಗಿ ಹಿಡಿಯಲೆಂದು ಗೂಡಿನ ಶಾಖವನ್ನೂ ಏರಿಸಿದ. ಓಡುತ್ತಿದ್ದ ಬಟ್ಟೆಯ ಬಾಲಕ್ಕೆ ಸೀರೆಯನ್ನು ಹೊಲಿದು ಒಳಗೆ ಬಿಟ್ಟು, ಆ ತುದಿಗೆ ಓಡಿಹೋಗಿ, ಹೆರಿಗೆ ಕೋಣೆಯ ಹೊರಗೆ ನಿಂತವನಂತೆ ಕೈ ಹೊಸೆಯುತ್ತ ಕಾದ.

ಸೀರೆ ಬಂತು. ಮೆತ್ತಗೆ ಅಂದರೆ ಅಂಥ ಮೆತ್ತಗೆ, ಕೈಯಲ್ಲಿ ಹಿಡಿದರೆ ನೀರಿನಂತೆ ಜಾರುತ್ತಿತ್ತು. ಆದರೆ ಬಿಳಿ ಮಾತ್ರ ಎಲ್ಲೂ ಇರಲಿಲ್ಲ. ಅಂಚಿನಿಂದ ಅಂಚಿಗೆ ಎಳೆ ಅರಿಶಿಣದ ಬಣ್ಣ.

ಮರುಳಪ್ಪನವರು ಬಂದು ನೋಡಿದರು. ಸೀರೆ ನೋಡಿದರು, ಕ್ರಾಂತಿಯ ಮುಖ ನೋಡಿದರು, ಮತ್ತೆ ಸೀರೆ ನೋಡಿದರು. "ಏನ್ಲೇ ಇದು?"

"ಗೊತ್ತಿಲ್ರಿ. ದಿನಾ ಹಾಕೋ ಎಣ್ಣಿನ ಹಾಕೀನ್ರಿ."

ಇಬ್ಬರೂ ಗೋಡೆಗೆ ಒರಗಿಸಿಟ್ಟಿದ್ದ ಬಟ್ಟೆಯ ಥಾನುಗಳ ಕಡೆ ನೋಡಿದರು. ಕಡುನೀಲಿ, ಮರೂನ್, ಬಾಟಲಿ ಹಸಿರು, ಖಾಕಿ. ಐದು ತಾಲ್ಲೂಕಿನ ಶಾಲೆ ಮಕ್ಕಳ ಯೂನಿಫಾರ್ಮಿನ ಚಡ್ಡಿ, ಲಂಗ, ಪ್ಯಾಂಟಿನ ಬಟ್ಟೆ ಬಿಟ್ಟು ಆ ಯೂನಿಟ್ಟಿನೊಳಗೆ ಇನ್ನೇನೂ ಕಾಲಿಟ್ಟಿರಲಿಲ್ಲ. ಬಿಳಿ ಬಟ್ಟೆ ಬಂದದ್ದು ಇದೇ ಮೊದಲು. ಮರುಳಪ್ಪನವರಿಗೆ ಸತ್ಯ ಹೊಳೆಯಿತು, ಹೊಟ್ಟೆ ಕುಲುಕಿಸಿ ನಗಲು ಶುರುಮಾಡಿದರು. "ಅಂದ್ರ ಇಷ್ಟು ವರ್ಷ ಎಲ್ಲಾ ಬಟ್ಟಿನೂ ಹಳದಿ ಆಗ್ಯಾವ ತಮ್ಮಾ! ನೀಲಿಯೊಳಗ ನಮಗ ಕಂಡಿಲ್ಲ ಅಷ್ಟ!"

ಕ್ರಾಂತಿಗೆ ನಗು ಬರಲಿಲ್ಲ. ಸೀರೆಯನ್ನು ಚೀಲದ ತಳಕ್ಕೆ ತುರುಕಿ, ಮೇಲೆ ಊಟದ ಡಬ್ಬಿ ಇಟ್ಟು, ಅಜ್ಜಿಗೆಂದು ತಂದ ಎಲೆ ಅಡಿಕೆಯನ್ನೂ ಅದರಲ್ಲೇ ಹಾಕಿಕೊಂಡು ಊರಿಗೆ ಬಂದ. ದಿನಾ ಸಂಜೆ ಅವನ ಚೀಲದಲ್ಲಿ ಎಲೆ ಅಡಿಕೆ ಇರುತ್ತದೆ, ದಿನಾ ಅಜ್ಜಿಯೇ ಕೈಹಾಕಿ ತೆಗೆದುಕೊಳ್ಳುತ್ತಾಳೆ ಅನ್ನುವುದು ಆ ಹೊತ್ತಿನಲ್ಲಿ ಅವನಿಗೆ ನೆನಪಾಗಲಿಲ್ಲ. ಮುಖ ತೊಳೆದು ಬರುವಷ್ಟರಲ್ಲಿ ಸೀರೆ ಅವಳ ತೊಡೆಯ ಮೇಲಿತ್ತು.

"ಯಪ್ಪಾ, ನನ್ನ ಬಂಗಾರ! ಕೊನಿಗೂ ನಿಮಗ ಬುದ್ಧಿ ಬಂತಲ್ಲ. ಅರಿಶಿಣದ ಸೀರಿ!" ಅಜ್ಜಿಯ ಮುಖ ಬೆಳಗಿಹೋಗಿತ್ತು. "ಇದನ್ನ ಉಟ್ಟು ನನ್ನ ಕೋಮಲಿ ಮದುವಿ ಹಸಿ ಜಗಲಿ ಮ್ಯಾಲೆ ನಿಂತ್ರ ಕಣ್ಣು ತುಂಬ್ತಾವ. ನಾ ಬರ್ತೀನಿ. ಮದುವಿಗೆ ಎಲ್ಲಾರಕಿಂತ ಮೊದ್ಲ ಬರ್ತೀನಿ!"

ಕ್ರಾಂತಿ ನಿಜ ಹೇಳುವಷ್ಟರಲ್ಲಿ ಅಜ್ಜಿ ಆಗಲೇ ಸೀರೆ ಹಿಡಿದು ಓಣಿಗೆ ಇಳಿದಾಗಿತ್ತು. ಎರಡೂ ಬದಿಯ ಮನೆಗಳಿಗೆ ಸುದ್ದಿ ಹಂಚಿ ಬರುವ ಹೊತ್ತಿಗೆ ಹಗರಿಬೊಮ್ಮನಹಳ್ಳಿ ಬಸ್ಸಿನಿಂದ ಇಳಿದ ಕೋಮಲಾ ಮನೆ ಮುಟ್ಟಿದ್ದಳು.

ಕ್ರಾಂತಿ ಅವಳನ್ನು ಹಿತ್ತಲಿಗೆ ಕರೆದೊಯ್ದು ನಡೆದದ್ದೆಲ್ಲ ಹೇಳಿದ. ಬೈಯುತ್ತಾಳೆ ಅಂದುಕೊಂಡಿದ್ದ, ಬೈಸಿಕೊಳ್ಳಲು ತಯಾರಾಗಿ ನಿಂತಿದ್ದ. ಅವಳು ಬೈಯಲಿಲ್ಲ. ಒಲೆಯ ಕಟ್ಟೆಯ ಮೇಲೆ ಕೂತಳು. ಒಳಗೆ ಅಜ್ಜಿ ಯಾವುದೋ ಹಳೆಯ ಸೋಬಾನೆ ಪದ ಗುನುಗುತ್ತಿದ್ದಳು.

"ಇದನ್ನ ಉಡ್ತೀನಿ ಅಣ್ಣ," ಅಂದಳು ಕೊನೆಗೆ. "ಅಜ್ಜಿ ಬರ್ತಾಳಲ್ಲ. ಸಾಕು."

ಕ್ರಾಂತಿ ಸುಮ್ಮನಿದ್ದುಬಿಟ್ಟರೆ ಎಲ್ಲವೂ ಸಲೀಸು. ಅಜ್ಜಿ ಬರುತ್ತಾಳೆ, ಮದುವೆ ಆಗುತ್ತದೆ, ಎಣ್ಣೆ ಸುಟ್ಟ ಬಣ್ಣವನ್ನು ಎಲ್ಲರೂ ಅರಿಶಿಣವೆಂದೇ ಹೊಗಳುತ್ತಾರೆ. ಆದರೆ ತಂಗಿ ಬಾಯಲ್ಲಿ ಸಾಕು ಅಂದಾಗ ಕಣ್ಣು ಸಾಕು ಅಂದಿರಲಿಲ್ಲ. ತನ್ನ ಕೈತಪ್ಪಿಗೆ ಅವಳು ಜೀವಮಾನದ ಒಂದು ದಿನವನ್ನು ಬಿಟ್ಟುಕೊಡುವುದನ್ನು ಅವನಿಂದ ಸಹಿಸಲಾಗಲಿಲ್ಲ.

"ಉಡೂದಿಲ್ಲ ನೀನು," ಅಂದ. "ಬಿಳಿನ ಉಡ್ತಿ. ಅಜ್ಜಿನೂ ಬರ್ತಾಳ."

ಮರುದಿನ ಬೆಳಗಿನ ಬಸ್ಸಿಗೇ ಅವನು ದಾವಣಗೆರೆಗೆ ಹೋದ. ಯೂನಿಟ್ಟಿಗೆ ಎಣ್ಣೆ ಸರಬರಾಜು ಮಾಡುವ ಅರುಣಕುಮಾರನ ಗೋದಾಮು ಅಲ್ಲಿತ್ತು. ಅರುಣಕುಮಾರ ಮಾತಿನ ಮಲ್ಲ, ಬಟ್ಟೆ ಕೆಮಿಕಲ್ ಓದಿದವನು. ಹಳದಿ ಸೀರೆ ಬಿಚ್ಚಿ ನೋಡಿ, ಮೂಗಿನ ಹತ್ತಿರ ಹಿಡಿದು, ಮೊದಲು ಚಹಾ ತರಿಸಿದ.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣಪ್ಪ ಕ್ರಾಂತಿ. ಸಿಲಿಕೋನ್ ಎಣ್ಣೆ ಅಂದ್ರೆ ಒಂದೇ ಅಂತ ತಿಳ್ಕಂಡೀಯೇನು? ಅದೊಂದು ದೊಡ್ಡ ಮನೆತನ. ಅಣ್ಣತಮ್ಮಂದಿರೇ, ಆದರೆ ಒಬ್ಬನ ಗುಣ ಇನ್ನೊಬ್ಬನಿಗಿಲ್ಲ." ಕಪಾಟಿನಿಂದ ಸ್ಯಾಂಪಲ್ ಬಾಟಲಿಗಳನ್ನು ತಂದು ಮೇಜಿನ ಮೇಲೆ ಇಟ್ಟ. "ನೋಡು, ಇವನು ಹಿರಿಯ. ಡೈಮಿಥೈಲ್. ಸಾಧು ಪ್ರಾಣಿ, ಎಷ್ಟು ಕಾಯಿಸಿದ್ರೂ ಹಳದಿ ಆಗಲ್ಲ. ಹೊಲಿಯೋ ದಾರಕ್ಕೆ ಹಚ್ಚಿದ್ರೆ ಸೂಜಿಯೊಳಗೆ ಸರ್ರಂತ ಜಾರುತ್ತೆ. ಆದರೆ ಬಟ್ಟೆನ ಗಟ್ಟಿಯಾಗಿ ಹಿಡ್ಕಳಲ್ಲ, ನಾಲ್ಕು ಸಲ ಒಗೆದ್ರೆ ಮನೆ ಬಿಟ್ಟು ಹೋಗ್ತಾನೆ."

ಕ್ರಾಂತಿ ಪಕ್ಕದ ಬಾಟಲಿಗೆ ಕೈ ಹಾಕಿದ. "ಇದು ಹೆಂಗ್ರಿ?"

"ಏ ಮಾರಾಯ, ಅದನ್ನ ಇಡು! ಅದು ಹೈಡ್ರೋಜನ್ ಸಿಲಿಕೋನ್. ರೇನ್‌ಕೋಟು, ಛತ್ರಿ, ಡೇರೆ ಬಟ್ಟೆಗೆ ಹಾಕೋದು. ನೀರನ್ನ ಹತ್ರ ಬಿಟ್ಕಳಲ್ಲ. ಅದನ್ನ ಹಾಕಿದ್ರೆ ನಿನ್ನ ತಂಗಿ ಮದುವೆ ದಿನ ಅತ್ರೂ ಕಣ್ಣೀರು ಸೆರಗಿಗೆ ಅಂಟಲ್ಲ, ಉರುಳಿ ನೆಲಕ್ಕೆ ಬೀಳುತ್ತೆ."

"ನಾ ಹಾಕಿದ್ದು ಯಾವ್ದು ಹಂಗಾರ?"

"ನೀನು ಹಾಕಿದ್ದು ಅಮಿನೋ. ಅದರಷ್ಟು ಮೆತ್ತಗೆ ಮಾಡೋದು ಇನ್ನೊಂದಿಲ್ಲ. ಬಟ್ಟೆನ ತಬ್ಬಿಕೊಂಡು ಕೂತ್ಬಿಡುತ್ತೆ, ಒಗೆದ್ರೂ ಬಿಡಲ್ಲ. ಆದರೆ ಮುಂಗೋಪಿ. ಬಿಸಿ ಹೆಚ್ಚಾಯ್ತೋ, ಮುಖ ಹಳದಿ."

"ಅಂದ್ರ ನಮ್ಮ ಅಜ್ಜಿನ ಅದು," ಅಂದ ಕ್ರಾಂತಿ. ಎರಡು ದಿನದಲ್ಲಿ ಮೊದಲ ಸಲ ಅವನಿಗೆ ನಗು ಬಂತು.

ಟವೆಲ್ಲಿಗೆ ಹಾಕುವುದು ಇನ್ನೊಂದು ಬಗೆ, ಪಾಲಿಈಥರ್ ಸೇರಿಸಿದ್ದು, ಅದು ನೀರನ್ನು ಕುಡಿಯುತ್ತದೆ, ಆದರೆ ಅಮಿನೋದಷ್ಟು ಮೆತ್ತಗಲ್ಲ ಎಂದು ಅರುಣಕುಮಾರ ವಿವರಿಸಿದ. ಇಬ್ಬರ ಗುಣವನ್ನೂ ಒಂದೇ ಎಣ್ಣೆಯಲ್ಲಿ ಕೂಡಿಸಿ ಪಳಗಿಸಿದ್ದು ತನ್ನಲ್ಲಿದೆ, ಬಿಳಿ ಬಟ್ಟೆಯವರು ಅದನ್ನೇ ಒಯ್ಯುತ್ತಾರೆ ಎಂದು ಒಂದು ಚಿಕ್ಕ ಕ್ಯಾನು ತಂದು ಕೈಗಿಟ್ಟ. "ಮೆತ್ತಗೂ ಮಾಡುತ್ತೆ, ಬೆವರೂ ಹೀರುತ್ತೆ. ಶಾಖ ಮಾತ್ರ ಕಡಿಮೆ ಇಡು. ದುಪ್ಪಟ್ಟು ಸುರಿಯೋ ಬುದ್ಧಿ ಇಲ್ಲೇ ಬಿಟ್ಟು ಹೋಗು. ಪ್ರೀತಿ ಜಾಸ್ತಿ ಆದ್ರೆ ಎಣ್ಣೆ ಜಾಸ್ತಿ ಹಾಕ್ಬೇಕು ಅಂತ ಯಾರು ಹೇಳಿದ್ದು ನಿನಗೆ?"

ಮೊದಲ ಸೀರೆ ಕೊಂಡಿದ್ದ ಅಂಗಡಿಯಲ್ಲೇ ಅಂಥದೇ ಇನ್ನೊಂದು ಸೀರೆ ಕೊಂಡು ಕ್ರಾಂತಿ ಹರಪನಹಳ್ಳಿಗೆ ಬಂದ. ತೊಟ್ಟಿಯನ್ನು, ರೋಲರುಗಳನ್ನು, ಬಟ್ಟೆ ಹಿಡಿಯುವ ಕೊಕ್ಕೆಗಳನ್ನು ತಿಕ್ಕಿ ತಿಕ್ಕಿ ತೊಳೆದ. ಎಲ್ಲಾದರೂ ಒಂದು ಹನಿ ಕಡುನೀಲಿ ಉಳಿದಿದ್ದರೆ ಸೀರೆಯ ಗತಿ ಅಷ್ಟೇ. ಈ ಸಲ ಮರುಳಪ್ಪನವರೂ ಶಾಖ ತೋರಿಸುವ ಮುಳ್ಳಿನ ಎದುರು ಕುರ್ಚಿ ಹಾಕಿಕೊಂಡು ಕಾವಲು ಕೂತರು. ಮೊದಲು ಸೀರೆಯ ಬಿಳಿ ತುದಿಯಿಂದ ಕತ್ತರಿಸಿದ ಒಂದು ಚೂರನ್ನು ಬಿಟ್ಟು ನೋಡಿದರು. ಚೂರು ಬಿಳಿಯಾಗಿಯೇ ಬಂತು. ಆಮೇಲೆ ಸೀರೆ. ಅದೂ ಬಿಳಿಯಾಗಿಯೇ ಬಂತು, ಹೊಸದಾಗಿ ಕರೆದ ಹಾಲಿನಂತೆ. ಮರುಳಪ್ಪನವರು ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿ ಕ್ರಾಂತಿಯ ಕೈಗೆ ಕೊಟ್ಟರು.

ಇನ್ನು ಉಳಿದದ್ದು ಅಜ್ಜಿ.

ಶುಕ್ರವಾರ ಸಂಜೆ ಅವಳು ಪಡಸಾಲೆಯಲ್ಲಿ ಮದುವೆಯ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಕ್ರಾಂತಿ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ. ಸುತ್ತಿ ಬಳಸಿ ಹೇಳುವುದು ಅವನಿಗೆ ಬರುತ್ತಿರಲಿಲ್ಲ.

"ಅಜ್ಜಿ, ಆ ಹಳದಿ ಸೀರಿ ಅರಿಶಿಣದ್ದಲ್ಲ. ನಾ ಎಣ್ಣಿ ಸುಟ್ಟು ಕೆಡಿಸಿದ್ದು. ಬುದ್ಧಿ ಬಂದು ತಂದಿದ್ದಲ್ಲ, ಬುದ್ಧಿ ಇಲ್ಲದ ಮಾಡಿದ್ದು. ಕೋಮಲಿ ಬಿಳಿನ ಉಡ್ತಾಳ."

ಮೊರದ ಮೇಲೆ ಓಡಾಡುತ್ತಿದ್ದ ಬೆರಳುಗಳು ನಿಂತವು. ಅಜ್ಜಿ ಮೊಮ್ಮಗನ ಮುಖ ನೋಡಲಿಲ್ಲ, ಗೋಡೆ ನೋಡಿದಳು. "ಹೋಗು ಅತ್ತಾಗ," ಅಂದಳು.

ಅವನು ಹೋಗಲಿಲ್ಲ. ಹೊಸ ಸೀರೆಯನ್ನು ಅವಳ ಮಡಿಲಿಗೆ ಇಟ್ಟ. ಅಜ್ಜಿ ಅದನ್ನು ತಳ್ಳಿಬಿಡಲೆಂದೇ ಕೈ ಹಾಕಿದಳು. ಕೈ ಅಲ್ಲೇ ಉಳಿಯಿತು. ಹೆಬ್ಬೆರಳು, ತೋರುಬೆರಳಿನ ನಡುವೆ ಸೆರಗನ್ನು ಹಿಡಿದು ಉಜ್ಜಿದಳು. ಮುಂಗೈ ಮೇಲೆ ಸವರಿದಳು.

"ಯಾರ ಹಳೇ ಸೀರಿ ಇದು?"

"ಹೊಸಾದಜ್ಜಿ."

"ಸುಳ್ಳ ಹೇಳಬ್ಯಾಡ. ನೂರು ಸಲ ಒಗದಂಗೈತಿ. ಕೂಸಿಗೆ ಹೊದಸಬಹುದು ಇದನ್ನ."

"ನಿನ್ನಾಣಿ ಹೊಸಾದು. ನಿನ್ನೆ ಅಂಗಡ್ಯಾಗ ತಂದದ್ದು. ನನ್ನ ಎಣ್ಣಿ ಕೆಲಸ ಇದು."

ಅಜ್ಜಿ ಸೆರಗನ್ನು ಕೊರಳ ಹತ್ತಿರ ಒಯ್ದು, ಕಿವಿಯ ಕೆಳಗೆ ಒತ್ತಿ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು. ಮಾತಾಡಿದಾಗ ದನಿ ಬೇರೆಯಾಗಿತ್ತು.

"ನನಗ ಉಡಿಸಿದಾಗ ನಾ ಕೋಮಲಿಯಷ್ಟ ಇದ್ದೆ. ಆ ಸೀರಿ ಕೊಳ್ಳ ಕೊರದ್ರೂ ಯಾರಿಗೂ ಹೇಳಲಿಲ್ಲ. ಅವತ್ತಿಂದ ಸರಿ, ಸರಿ, ಆಚಿ ಸರಿ. ಆರತಿ ಬಂತು ಸರಿ, ಮದುಮಕ್ಕಳು ಬಂದ್ರು ಸರಿ. ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ, ನಾನ ಸರದೆ. ನಿಮ್ಮಪ್ಪನ ಮದುವ್ಯಾಗ ಉಗ್ರಾಣದ ಬಾಗಲ ಸಂದ್ಯಾಗಿಂದ ನೋಡೀನಿ. ಹೆತ್ತ ಮಗನ ಮದುವಿ." ಕಣ್ಣು ತೆರೆದು ಸೀರೆಯನ್ನು ಮಡಿಲಲ್ಲಿ ಹರಡಿ ಸವರಿದಳು. "ಆ ಬಿಳಿ ನನ್ನ ಕೋಮಲಿ ಮೈಮ್ಯಾಲೆ ಬ್ಯಾಡ ಅಂತ ಅಷ್ಟ ನಂದು. ಬಣ್ಣದ ಮ್ಯಾಲೆ ನನಗೇನು ಸಿಟ್ಟು?"

ಕ್ರಾಂತಿ ಅಳುವುದಿಲ್ಲವೆಂದು ಹಟ ಹಿಡಿದು ಅತ್ತುಬಿಟ್ಟ. ಅಜ್ಜಿ ಅವನ ತಲೆಗೆ ಒಂದು ಮೊಟಕಿದಳು.

"ಬರ್ತೀನಿ ಬಿಡು. ಇಷ್ಟು ಮೆತ್ತಗಿನ ಬಿಳಿ ಕೊಳ್ಳ ಕೊರಿಯಂಗಿಲ್ಲ. ಆದ್ರ ನಾ ಬಾಗಲ ಹತ್ರನ ಕುಂದರ್ತೀನಿ. ಮುಂದ ಕರೀಬ್ಯಾಡ್ರಿ, ನೋಡು."

ಭಾನುವಾರ ಕೊಟ್ಟೂರಿನ ಸಮುದಾಯ ಭವನ ಅಜ್ಜಿ ಎಂದೂ ಕಾಣದ ಹಾಗೆ ಕಂಡಿತು. ಕೂಡ್ಲಿಗಿ, ಗುಡೇಕೋಟೆ, ಹಡಗಲಿ ಕಡೆಯ ನೆಂಟರು, ಹಂಪಸಾಗರದ ಬೀಗರು, ಎಲ್ಲರೂ ಬಿಳಿ. ಹೆಂಗಸರು ಬಿಳಿ ಸೀರೆ, ಗಂಡಸರು ಬಿಳಿ ಅಂಗಿ, ಓಡಾಡುವ ಮಕ್ಕಳೂ ಬಿಳಿ. ಅಜ್ಜಿ ಹೇಳಿದಂತೆಯೇ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ ಎಂಬಂತೆ ಕೂತಳು. ಮುಂದೆ ಬುದ್ಧನ ಮತ್ತು ಬಾಬಾಸಾಹೇಬರ ಪಟಗಳಿಗೆ ಮೇಣದ ದೀಪ ಹಚ್ಚಿದ್ದರು. ನಿವೃತ್ತ ಮೇಷ್ಟ್ರು ಗಾಳೆಪ್ಪನವರು ಮದುವೆ ನಡೆಸಿಕೊಡುತ್ತಿದ್ದರು. ತ್ರಿಶರಣ, ಪಂಚಶೀಲದ ಪಠಣ ಮುಗಿಯಿತು. ಕೋಮಲಾ, ತಿಪ್ಪೇಶ ಎದುರುಬದುರು ನಿಂತರು.

"ಹೆಣ್ಣಿನ ಮನಿ ಹಿರೇರು ಯಾರದಾರ? ಬಂದು ಮದುಮಗಳ ಕೈಗೆ ಹಾರ ಎತ್ತಿ ಕೊಡ್ರಿ," ಎಂದು ಗಾಳೆಪ್ಪನವರು ಕರೆದರು.

ಭೀಮರಾಜ ಬಾಗಿಲ ಕಡೆ ನೋಡಿದ. ಕ್ರಾಂತಿಯೂ ನೋಡಿದ. ಕರೆಯಬೇಡಿರೆಂದು ಹೇಳಿದ್ದಳಲ್ಲ, ಇಬ್ಬರೂ ಕರೆಯಲಿಲ್ಲ. ಅಜ್ಜಿ ತಾನೇ ಎದ್ದು ನಿಂತು, ಈ ಕೆಲಸಕ್ಕೆ ತಕ್ಕ ಮುತ್ತೈದೆ ಯಾರಾದರೂ ಇದ್ದಾರೇನೋ ಎಂದು ಭವನದ ತುಂಬ ಕಣ್ಣಾಡಿಸಿದಳು. ಈ ಸಾಲು ನೋಡಿದಳು, ಆ ಸಾಲು ನೋಡಿದಳು. ಇದ್ದಕ್ಕಿದ್ದಂತೆ ಬಾಯಿಗೆ ಸೆರಗು ಹಿಡಿದು ನಗಲು ಶುರುಮಾಡಿದಳು.

"ಅಯ್ಯ ಶಿವನ! ಎಲ್ಲಾರೂ ಬಿಳಿ. ಇದರಾಗ ಗಂಡ ಇದ್ದಾಕಿ ಯಾರು, ಇಲ್ಲದಾಕಿ ಯಾರು ಅಂತ ಗುರ್ತ ಸಿಗವಲ್ದಲ್ಲ!"

ನಗುತ್ತಲೇ, ಕಣ್ಣೊರೆಸಿಕೊಳ್ಳುತ್ತಲೇ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಅವಳು ಮುಂದೆ ನಡೆದಳು. ಕೋಮಲಾ ಓಡಿಬಂದು ಕೈ ಹಿಡಿದಳು. ಅಜ್ಜಿ ಹಾರ ಎತ್ತಿ ಅವಳ ಕೈಗೆ ಕೊಟ್ಟಳು. ಕೋಮಲಾ ತಿಪ್ಪೇಶನ ಕೊರಳಿಗೆ ಹಾಕಿದಳು. ಹೂವಿನ ಎಸಳುಗಳು ಎಲ್ಲರ ಮೇಲೂ ಬಿದ್ದವು. ಭೀಮರಾಜ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದ.

ಫೋಟೊದ ಮಾರೇಶ ಸ್ಟ್ಯಾಂಡು ಹಿಡಿದು ಮುಂದೆ ಬಂದ. ಮದುಮಕ್ಕಳ ನಡುವೆ ನೇರ ನಿಂತಿದ್ದ ಮುದುಕಿಯನ್ನು ನೋಡಿ ಕೈಬೀಸಿದ. "ಅಜ್ಜಿ, ಒಂಚೂರು ಆಚಿ ಸರೀರಿ. ಜೋಡಿ ಫೋಟೊಕ್ಕ ಅಡ್ಡ ಬರ್ತೀರಿ."

"ಸರಿಯಂಗಿಲ್ಲ," ಅಂದಳು ದುರುಗಮ್ಮಜ್ಜಿ. "ನಲವತ್ತು ವರ್ಷ ಸರದೀನಿ. ಇನ್ನ ಒಲ್ಲೆ. ಬೇಕಾದ್ರ ನೀನ ಹಿಂದಕ್ಕ ಸರದು ತಗಿ."

ಭವನವೆಲ್ಲ ಘೊಳ್ಳೆಂದು ನಕ್ಕಿತು. ಮಾರೇಶ ಸ್ಟ್ಯಾಂಡು ಎತ್ತಿಕೊಂಡು ಬೆನ್ನು ಗೋಡೆಗೆ ತಾಗುವ ತನಕ ಹಿಂದೆ ಹೋಗಿ, ಮೂವರನ್ನೂ ಸೇರಿಸಿ ಫೋಟೊ ತೆಗೆದ.